ಉಗುಳು ನೋಡುವ ಕಲ್ಲು

ನನ್ನ ಗಂಡ ಬೆಳಿಗ್ಗೆ ಎದ್ದವನೇ ಮೊದಲು ನೋಡುತ್ತಿದ್ದದ್ದು ತನ್ನ ಉಗುಳನ್ನು. ಸಿರುಗುಪ್ಪದ ನಮ್ಮ ಮನೆಯ ಬಚ್ಚಲ ಪಕ್ಕದಲ್ಲಿ ಒಂದು ಚಪ್ಪಡಿ ಕಲ್ಲನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದ. ಮನೆಯ ಗೋಡೆ ವರ್ಷಗಟ್ಟಲೆ ಸುಣ್ಣ ಕಾಣದಿದ್ದರೂ ಅವನಿಗೆ ಚಿಂತೆ ಇರಲಿಲ್ಲ, ಆ ಕಲ್ಲಿಗೆ ಮಾತ್ರ ತಪ್ಪದೆ ಬಳಿಯುತ್ತಿದ್ದ. ಕೆಮ್ಮಿ, ಕ್ಯಾಕರಿಸಿ, ಅದರ ಮೇಲೆ ಉಗಿದು, ಬಗ್ಗಿ ನೋಡಿ, ಆಮೇಲೆ ಒಂದು ಚೊಂಬು ನೀರು ಸುರಿದು ಒಳಗೆ ಬರುತ್ತಿದ್ದ. ಬಂದವನ ಮುಖ ನೋಡಿಯೇ ಅವತ್ತಿನ ಉಗುಳು ಯಾವ ಬಣ್ಣದ್ದೆಂದು ನನಗೆ ತಿಳಿಯುತ್ತಿತ್ತು.

ಓದುವವರಿಗೆ ಹೇಸಿಗೆ ಅನ್ನಿಸಿದರೆ ಅನ್ನಿಸಲಿ. ಆ ಕಲ್ಲನ್ನು ಬಿಟ್ಟು ಇದನ್ನು ಹೇಳಲು ನನಗೆ ಬರುವುದಿಲ್ಲ.

ಅದು ಅವನು ಗಣಿಯಲ್ಲಿ ಕಲಿತು ಬಂದ ಚಟ. ತೆಲುಗು ಸೀಮೆಯ ಒಳಗೆ, ರೈಲು ಬದಲಿಸಿ ಬದಲಿಸಿ ಹೋಗಬೇಕಾದ ದೂರದಲ್ಲಿ ಆ ಕಲ್ಲಿದ್ದಲ ಗಣಿ ಇತ್ತು. ನನ್ನ ಗಂಡ ಹೊಟ್ಟೆಗೆ ಇಲ್ಲದೆ ಅಲ್ಲಿಗೆ ಹೋದವನಲ್ಲ. ಅಣ್ಣನ ಕೈಕೆಳಗೆ ಗದ್ದೆಯ ಕೆಲಸ ಮಾಡಲು ಮನಸ್ಸಿಲ್ಲದೆ ಹೋದವನು. ಮದುವೆಯಾಗಿ ಮಕ್ಕಳಿಬ್ಬರಾದ ಮೇಲೆ ನಮ್ಮನ್ನೂ ಕರೆದುಕೊಂಡು ಹೋದ. ಅರವತ್ತರ ಇಸವಿ ದಾಟಿದ ಹೊಸದು. ಅಲ್ಲಿ ಕೆಲಸಗಾರರ ಸಾಲು ಮನೆಗಳು, ಎಲ್ಲರಿಗೂ ಸೇರಿ ಒಂದು ನಲ್ಲಿ, ನಲ್ಲಿಯ ಪಕ್ಕ ಇಂಥದ್ದೇ ಸುಣ್ಣದ ಕಲ್ಲು. ಬೆಳಗಾದರೆ ಗಂಡಸರು ಅಲ್ಲಿ ನಿಂತು ಒಬ್ಬರಾದ ಮೇಲೆ ಒಬ್ಬರು ಉಗಿಯುತ್ತಿದ್ದರು. ಬಿಳಿ ಕಲ್ಲಿನ ಮೇಲೆ ಕರಿ ಕಂಡರೆ ಧೂಳು ಹೊರಗೆ ಬರುತ್ತಿದೆ ಎಂದು ಅರ್ಥ. ಏನೂ ಕಾಣದಿದ್ದರೆ ಎದೆ ತೊಳೆದುಹೋಗಿದೆ ಎಂದು ಅರ್ಥ. ಒಬ್ಬರ ಉಗುಳನ್ನು ಇನ್ನೊಬ್ಬರು ನೋಡಿ ಚೇಷ್ಟೆ ಮಾಡುವುದು ಬೇರೆ.

“ಏನಲೇ, ಅರ್ಧ ಗಣಿ ಹೊತ್ಕೊಂಡು ಬಂದೀಯಲ್ಲ. ಗೇಟಿನ್ಯಾಗ ಹಿಡೀಲಿಲ್ಲೇನು ನಿನ್ನ?”

“ನಿಂದೇನ್ ಕಡಿಮಿ ಐತಿ? ಒಣಗಿಸಿಟ್ರ ನಿನ್ನ ಹೇಂತಿ ಒಂದೊಪ್ಪತ್ತು ಒಲಿ ಹಚ್ಚತಾಳ.”

ಹೀಗೆ ನಗುತ್ತಿದ್ದರು. ಪಾಳಿ ಮುಗಿಸಿ ಬಂದವರು ಬೆಲ್ಲದ ತುಂಡು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಬೆಲ್ಲ ಧೂಳನ್ನು ಎಳೆದು ತರುತ್ತದಂತೆ. ನಾನೂ ಡಬ್ಬಿಯಲ್ಲಿ ಬೆಲ್ಲ ತುಂಬಿಟ್ಟೇ ಇರುತ್ತಿದ್ದೆ.

ಆದರೆ ನನ್ನ ಗಂಡ ಕಲ್ಲಿದ್ದಲು ಅಗೆಯುವವನಲ್ಲ. ಕಲ್ಲಿದ್ದಲು ಸಿಗುವ ಮೊದಲು ಗಟ್ಟಿ ಬಂಡೆ ಇರುತ್ತದೆ, ಅದನ್ನು ಡ್ರಿಲ್ ಮಷೀನಿನಿಂದ ಕೊರೆಯುವವನು. ಕಲ್ಲಿದ್ದಲ ಪುಡಿ ಕರಿ, ಮೈಗೆ ಬಟ್ಟೆಗೆ ಹತ್ತಿದ್ದು ಕಾಣುತ್ತದೆ. ಬಂಡೆಯ ಪುಡಿ ಜೋಳದ ಹಿಟ್ಟಿಗಿಂತ ನುಣುಪು, ಬಣ್ಣ ಬೂದಿ. ಉಗುಳಿನ ಜೊತೆ ಬಂದರೂ ಅದು ಸುಣ್ಣದ ಕಲ್ಲಿನ ಮೇಲೆ ಕಾಣುವುದೇ ಇಲ್ಲ. ಕೊಲ್ಲುವುದು ಅದು. ಈ ಮಾತನ್ನು ಆ ಸಾಲು ಮನೆಗಳಲ್ಲಿ ನನಗೆ ಯಾರೂ ಹೇಳಲಿಲ್ಲ. ಹೇಳಬೇಕಾದವರಿಗೆ ಗೊತ್ತಿತ್ತು, ಇಲ್ಲದಿದ್ದರೆ ಮಷೀನಿಗೆ ನೀರಿನ ಪೈಪು ಯಾಕೆ ಇಡುತ್ತಿದ್ದರು? ಕೊರೆಯುವಾಗ ನೀರು ಬಿಟ್ಟರೆ ಪುಡಿ ಕೆಸರಾಗಿ ಕೆಳಗೆ ಬೀಳುತ್ತದೆ, ಮೂಗಿಗೆ ಬರುವುದಿಲ್ಲ. ಆದರೆ ಕೆಸರಿನಲ್ಲಿ ಕಾಲು ಹೂಳುತ್ತದೆ, ಕೆಲಸ ನಿಧಾನವಾಗುತ್ತದೆ. ಮೇಸ್ತ್ರಿ ಬಂದು ನೀರು ಬಂದ್ ಮಾಡುತ್ತಿದ್ದ. ಅವನು ಮಾಡದ ದಿನ ಇವರೇ ಮಾಡುತ್ತಿದ್ದರು, ಕೊರೆದ ಆಳದ ಮೇಲೆ ಕೂಲಿ ನೋಡಿ, ಅದಕ್ಕೆ.

ಮೊದಲಿಗೆ ನನ್ನ ಗಂಡನಿಗೆ ಏದುಸಿರು ಬಂತು. ಆಮೇಲೆ ಸಂಜೆ ಜ್ವರ, ಮೈ ಇಳಿಯಿತು. ಸಿರುಗುಪ್ಪಕ್ಕೆ ಕರೆತಂದೆ. ಬಳ್ಳಾರಿಯಲ್ಲಿ ಟಿ.ಬಿ. ಎಂದರು, ಸೂಜಿ ಮಾಡಿದರು, ಗುಳಿಗೆ ಕೊಟ್ಟರು, ವಾಂತಿ ಬರುವಂಥ ಒಂದು ಹುಳಿ ಪುಡಿ ಕೊಟ್ಟರು. ಜ್ವರ ಬಿಟ್ಟಿತು, ಮೈ ಹಿಡಿಯಿತು. ಗಣಿಯಿಂದ ದೂರ ಇದ್ದದ್ದಕ್ಕೆ ಉಗುಳಿನ ಕರಿ ತಾನಾಗಿ ಹೋಯಿತು. ಇವನು ಕಲ್ಲು ನೋಡಿ, “ಎದಿ ತೊಳೀತು” ಎಂದ. ಔಷಧ ನಿಲ್ಲಿಸಿ ಗಣಿಗೆ ಹೋದ. ಅಲ್ಲಿಯ ಡಾಕ್ಟರ್ ಎದೆಯ ಸದ್ದು ಕೇಳುವ ಕೊಳವೆಯನ್ನು ಬೆನ್ನಿಗೆ ಇಟ್ಟಂತೆ ಮಾಡಿ ಗಣಿಯೊಳಗೆ ಇಳಿಸಿದ. ತಿರುಗಿ ಬಂದಾಗ ರಕ್ತ ಕಾರುತ್ತಿದ್ದ. ಆಗ ಅದೇ ಸೂಜಿ, ಅದೇ ಗುಳಿಗೆ ಹತ್ತಲಿಲ್ಲ. ಅರ್ಧಕ್ಕೆ ಬಿಟ್ಟವರಿಗೆ ಹಾಗೆ ಆಗುತ್ತದಂತೆ, ರೋಗ ಆ ಔಷಧಕ್ಕೆ ಪಳಗಿಬಿಡುತ್ತದಂತೆ. ಬಳ್ಳಾರಿಯಲ್ಲೇ ಸತ್ತ.

ಮಣ್ಣಿಗೆ ಬಂದವರೆಲ್ಲ ಹಣೆಬರಹ ಎಂದರು. ನನಗೆ ಮೈ ಉರಿಯಿತು. ಹಣೆಬರಹ ಬರೆಯುವವನು ಗಣಿಯೊಳಗೆ ಇಳಿದು ನೀರಿನ ಪೈಪು ಬಂದ್ ಮಾಡುತ್ತಾನೇನು?

ಅವತ್ತು ಮಣ್ಣಿಗೆ ಬಂದವರಲ್ಲಿ ನನ್ನ ತಮ್ಮನೂ ಇದ್ದ. ಕುರುಗೋಡಿನವನು, ನನ್ನ ಬೆನ್ನಿಗೆ ಬಿದ್ದವನು. ನನ್ನ ಗಂಡನೇ ಅವನನ್ನು ಗಣಿಗೆ ಸೇರಿಸಿದ್ದ, ಅದೇ ಡ್ರಿಲ್ ಕೆಲಸಕ್ಕೆ. ಚಿಕ್ಕವನಿದ್ದಾಗ ಕುರುಗೋಡಿನ ಗುಡ್ಡವನ್ನು ಒಂದೇ ಉಸಿರಿಗೆ ಹತ್ತಿ ಮೇಲೆ ನಿಂತು ನಮ್ಮನ್ನು ಅಣಕಿಸುತ್ತಿದ್ದ. ನಾನು ಅವನಿಗೆ ಕೆಲಸ ಬಿಡು ಎಂದೆ. “ಯಕ್ಕ, ಭಾವನ ಎದಿ ಮೊದಲಿಂದ ಸೂಕ್ಷ್ಮ. ನಂದು ನೋಡು” ಎಂದು ಎದೆಗೆ ಗುದ್ದಿ ತೋರಿಸಿ ಹೋದ.

ಆ ಎದೆಯನ್ನು ಹೊತ್ತುಕೊಂಡು ಎಪ್ಪತ್ತರ ಇಸವಿಗಳ ನಡುವೆ ಒಂದು ದಿನ ನನ್ನ ಬಾಗಿಲಿಗೆ ಬಂದ. ಕುರುಗೋಡಿನಲ್ಲಿ ಹೆಂಡತಿ ಮಕ್ಕಳಿದ್ದರು, ಅವ್ವ ಇದ್ದಳು, ಅಲ್ಲಿಗೆ ಹೋಗದೆ ಇಲ್ಲಿಗೆ ಬಂದ. ಅಂಗಿಯ ಕಾಲರಿನಲ್ಲಿ ಕುತ್ತಿಗೆ ಕೋಲಿನಂತೆ ಕಾಣುತ್ತಿತ್ತು. ಚಪ್ಪಲಿ ಬಿಟ್ಟು ನೇರ ಬಚ್ಚಲ ಕಡೆ ಹೋಗಿ ಆ ಕಲ್ಲಿನ ಮುಂದೆ ನಿಂತ.

“ಭಾವನ ಕಲ್ಲು ಇನ್ನೂ ಐತಲ್ಲ ಯಕ್ಕ” ಎಂದ, ಬಹಳ ದಿನದ ನೆಂಟರನ್ನು ಕಂಡವನ ಹಾಗೆ.

“ಐತಿ. ಭಾವ ಇಲ್ಲ” ಎಂದೆ.

ಅವತ್ತೇ ನಿಶ್ಚಯ ಮಾಡಿದೆ. ಇವನನ್ನು ಸಾಯಲು ಬಿಡುವುದಿಲ್ಲ. ಡಾಕ್ಟರು ಸಾಕು ಎನ್ನುವ ತನಕ ಔಷಧ ನುಂಗಿಸುತ್ತೇನೆ. ಅವನು ಅತ್ತರೂ ಸರಿ, ನನ್ನನ್ನು ಬೈದರೂ ಸರಿ.

ಬಳ್ಳಾರಿಯ ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್-ರೇ ಹಾಳೆಯನ್ನು ಕಿಟಕಿಗೆ ಹಿಡಿದು ನಮಗೂ ತೋರಿಸಿದರು. ಎರಡೂ ಕಡೆ ಸಜ್ಜೆ ಚೆಲ್ಲಿದ ಹಾಗೆ ಚುಕ್ಕೆಗಳು. ಮೇಲುಗಡೆ ಒಂದು ದೊಡ್ಡ ಮಬ್ಬು, ಅದರ ನಡುವೆ ತೂತು.

“ಇವನಿಗೆ ಎರಡು ರೋಗ ಇದೆಯಮ್ಮ” ಎಂದರು. “ಈ ಚುಕ್ಕಿಗಳೆಲ್ಲ ಕಲ್ಲಿನ ಧೂಳು. ಇದಕ್ಕೆ ಔಷಧ ಇಲ್ಲ. ಈ ಮಬ್ಬು ಟಿ.ಬಿ. ಇದಕ್ಕೆ ಔಷಧ ಇದೆ.”

“ಧೂಳು ಉಗುಳಿನ್ಯಾಗ ಹೋಗತೈತಲ್ರಿ ಸಾಹೇಬ್ರ” ಎಂದ ತಮ್ಮ.

“ಕೂತುಬಿಟ್ಟ ಧೂಳು ಹೋಗಲ್ಲಪ್ಪ. ಅದೇ ಕಷ್ಟ. ಧೂಳು ಹಿಡಿದ ಎದೆಯಲ್ಲಿ ಟಿ.ಬಿ. ಕ್ರಿಮಿ ಅಡಗಿ ಕೂರುತ್ತೆ. ಬೇರೆಯವರಿಗೆ ಒಂದೂವರೆ ವರ್ಷಕ್ಕೆ ನಿಲ್ಲಿಸಿದರೆ ನಿನಗೆ ನಿಲ್ಲಿಸೋಕಾಗಲ್ಲ. ನಾನು ಹೇಳೋ ತನಕ ನುಂಗಬೇಕು. ಗಣಿಯ ಮುಖ ನೋಡಬಾರದು.”

ಬಸ್ಸಿನಲ್ಲಿ ಬರುವಾಗ ತಮ್ಮ ಗೆಲುವಾಗಿದ್ದ. “ಕೇಳಿದಿಲ್ಲ ಯಕ್ಕ, ಔಷಧ ಐತಂತ” ಎಂದ. ಡಾಕ್ಟರು ಹೇಳಿದ್ದರಲ್ಲಿ ಅವನು ಕೇಳಿಸಿಕೊಂಡದ್ದು ಅಷ್ಟೇ. ಕುರುಗೋಡಿನ ಕಡೆಗೆ ದಾರಿ ಒಡೆಯುವ ಕ್ರಾಸಿನಲ್ಲಿ ಇಳಿಯಲು ಎದ್ದ. ಅಂಗಿ ಹಿಡಿದು ಕೂರಿಸಿದೆ.

“ಮನಿಗೆ ಹೊಂಟೀನಿ. ಮಕ್ಕಳ್ನ ನೋಡಬ್ಯಾಡೇನು?”

“ಮಕ್ಕಳಿಗೆ ಹಚ್ಚಬೇಕೇನು ರೋಗಾನ? ಅವ್ವ ನೀ ಕೆಮ್ಮಿದಾಗೆಲ್ಲ ಬೆಲ್ಲ ಕೊಡತಾಳ, ನಿನ್ನ ಹೇಂತಿ ನೀ ಬ್ಯಾಡ ಅಂದ್ರ ಗುಳಿಗಿ ಎತ್ತಿಡತಾಳ. ನನ್ನ ಹತ್ರ ಇರು.”

“ನಿನ್ನ ಹತ್ರ ಇದ್ದ ಭಾವ ಏನಾದ?”

ಬಸ್ಸಿನಲ್ಲಿದ್ದ ಮಂದಿಯೆಲ್ಲ ತಿರುಗಿ ನೋಡಿದರು. ನಾನು ಕೈ ಬಿಡಲಿಲ್ಲ. “ಭಾವ ನನ್ನ ಮಾತು ಕೇಳಲಿಲ್ಲ. ಸತ್ತ. ನೀ ಕೇಳತಿ” ಎಂದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊರಟಿತು.

ಆಗ ನಾನು ಅಕ್ಕಿ ಗಿರಣಿಯಲ್ಲಿ ತೌಡು ಬಳಿಯುವ ಕೆಲಸಕ್ಕೆ ಹೋಗುತ್ತಿದ್ದೆ. ಮಕ್ಕಳಲ್ಲಿ ದೊಡ್ಡವಳಿಗೆ ಮದುವೆಯಾಗಿತ್ತು, ಮಗ ಆದೋನಿಯಲ್ಲಿ ಹತ್ತಿ ಅಂಗಡಿಯಲ್ಲಿದ್ದ. ಮನೆಯಲ್ಲಿ ನಾನು, ತಮ್ಮ ಇಬ್ಬರೇ. ಮೊದಲ ತಿಂಗಳುಗಳಲ್ಲಿ ದಿನಾ ಸೂಜಿ. ಬೆಳಿಗ್ಗೆ ಅವನನ್ನು ಸಿರುಗುಪ್ಪದ ಆಸ್ಪತ್ರೆಯಲ್ಲಿ ಸೂಜಿಗೆ ಕೂರಿಸಿ ನಾನು ಗಿರಣಿಗೆ ಹೋಗುತ್ತಿದ್ದೆ. ಆ ಸೂಜಿಯಿಂದ ಅವನಿಗೆ ಕಿವಿಯಲ್ಲಿ ಗುಂಯ್ ಎನ್ನುವುದು, ನಡೆದರೆ ಒಂದು ಕಡೆಗೆ ವಾಲುವುದು ಶುರುವಾಯಿತು. ಕಾಲುವೆಯ ದಂಡೆ ಹಿಡಿದು ಬರುವವನನ್ನು ನೋಡಿ ಓಣಿಯ ಹೆಂಗಸೊಬ್ಬಳು, “ಮುಂಜಾನಿಗೇ ಏರಿಸ್ಯಾನಲ್ಲವ್ವ ನಿನ್ನ ತಮ್ಮ” ಎಂದಳು.

“ನಿನ್ನ ಗಂಡ ಸಂಜೀಕ ಏರಿಸತಾನ, ನನ್ನ ತಮ್ಮ ಮುಂಜಾನಿ ಏರಿಸತಾನ. ಇಬ್ಬರನ್ನೂ ಕೂಡಿಸಿ ತೂಗಿದ್ರ ಸರಿಹೋಗತೈತಿ” ಎಂದೆ. ಆಮೇಲೆ ಅವಳು ನಮ್ಮ ಮನೆಯ ಸುದ್ದಿಗೆ ಬರಲಿಲ್ಲ.

ಡಾಕ್ಟರು ಹಾಲು, ಕೋಳಿ ತತ್ತಿ ಕೊಡಿ ಎಂದಿದ್ದರು. ನಮ್ಮದು ಲಿಂಗ ಕಟ್ಟಿದ ಮನೆ, ತತ್ತಿ ಹೊಸ್ತಿಲು ದಾಟಿದ್ದಿಲ್ಲ. ನಾನು ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಬೇರೆ ಗಡಿಗೆಯಲ್ಲಿ ಬೇಯಿಸಿ ಅಲ್ಲೇ ತಿನ್ನಿಸಿದೆ. ಗಂಡನ ಅಣ್ಣನ ಹೆಂಡತಿ, ಎಂದರೆ ನನ್ನ ನೆಗೆಣ್ಣಿ, ಮೂಗಿಗೆ ಸೆರಗು ಹಿಡಿದುಕೊಂಡು ಬಂದು ಕುಲಗೆಟ್ಟವರು ಎಂದು ಅಂಗಳದಲ್ಲಿ ನಿಂತು ಕೂಗಿದಳು. ನನ್ನ ಗಂಡ ರಕ್ತ ಕಾರುವಾಗ ಇದೇ ಹೆಂಗಸು ಅವನ ತಾಟನ್ನು ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದಳು. ನಾನು ಒಂದು ತತ್ತಿ ಸುಲಿದು, “ತಿಂತಿಯೇನ ಯಕ್ಕ, ಬಿಸಿ ಐತಿ” ಎಂದು ಅವಳ ಮುಂದೆ ಹಿಡಿದೆ. ಓಡಿಹೋದಳು. ತಮ್ಮ ನಕ್ಕು ನಕ್ಕು ಕೆಮ್ಮಿದ.

ಸೂಜಿ ಮುಗಿದ ಮೇಲೆ ಬರೀ ಗುಳಿಗೆ. ನಾನು ರೊಟ್ಟಿ ಬಡಿದು ಕೊಟ್ಟು, ಅವನು ತಿಂದ ಮೇಲೆ ಗುಳಿಗೆ ಅವನ ಅಂಗೈಗೆ ಹಾಕಿ, ನೀರು ಕೊಟ್ಟು, ಗಂಟಲು ಕೆಳಗೆ ಮೇಲೆ ಆಡುವುದನ್ನು ನೋಡಿ ಗಿರಣಿಗೆ ಹೋಗುವುದು. ಅವನು ಎದ್ದು ಹೋಗಿ ಕಲ್ಲಿನ ಮೇಲೆ ಉಗಿದು ನೋಡುವುದು. ಹೀಗೆ ವರ್ಷ ಕಳೆಯಿತು. ಕೆನ್ನೆ ತುಂಬಿತು. ಸುಣ್ಣದ ಕಲ್ಲಿನ ಮೇಲೆ ಏನೂ ಕಾಣದಾಯಿತು.

ಅಲ್ಲಿಂದ ನನಗೆ ಭಯ ಶುರು. ಅವನಿಗೆ ಹಿಗ್ಗು.

“ಬಾ ಇಲ್ಲಿ, ನೋಡು, ಹಾಲಿನಂಗೈತಿ” ಎಂದು ಕರೆಯುತ್ತಿದ್ದ.

“ನಿನ್ನ ಉಗುಳು ನೋಡಾಕ ನಾ ಯಾಕ ಬರ್ಲಿ? ಅದನ್ನ ನೋಡಾವ್ರು ಬಳ್ಳಾರ್ಯಾಗದಾರ.”

ಒಂದೂವರೆ ವರ್ಷವಾಯಿತು. ಆಸ್ಪತ್ರೆಗೆ ನಮ್ಮ ಜೊತೆ ಅದೇ ಬಸ್ಸಿಗೆ ಬರುತ್ತಿದ್ದ ರಾರಾವಿಯ ರೈತನೊಬ್ಬನಿಗೆ ಡಾಕ್ಟರು ಔಷಧ ನಿಲ್ಲಿಸಿದರು. ಅವನು ತಮ್ಮನಿಗಿಂತ ಮೊದಲೇನೂ ಶುರು ಮಾಡಿದವನಲ್ಲ. ತಮ್ಮನಿಗೆ ಇನ್ನೂ ನಿಲ್ಲಿಸಬಾರದು ಎಂದರು. ಇವನ ಮುಖ ಸುಟ್ಟಂತಾಯಿತು. ಬಸ್ಸಿನಲ್ಲಿ ಒಂದೇ ಸಮನೆ ಗೊಣಗಿದ. “ಅವಂಗ ಬಿಟ್ರು. ನನಗ್ಯಾಕ ಬಿಡಂಗಿಲ್ಲ? ಅವನ ಉಗುಳಿನ್ಯಾಗ ಏನ್ ಬಂಗಾರ ಇತ್ತೇನು?”

“ಅವನ ಎದ್ಯಾಗ ಬಂಡಿಗಲ್ಲಿನ ಪುಡಿ ಇಲ್ಲ. ನಿಂದ್ರಾಗ ಐತಿ. ಡಾಕ್ಟರು ಮೊದಲ ದಿನ ಹೇಳಿಲ್ಲೇನು?”

“ಡಾಕ್ಟರು ಹೇಳತಾರ, ಹೇಳಾಕೇನು.”

ಅದೇ ಹೊತ್ತಿಗೆ ಗಣಿಯಿಂದ ಅವನ ಜೊತೆಗಾರನೊಬ್ಬ ಬಂದ. ಇವನ ಜೊತೆ ಡ್ರಿಲ್ ಹಿಡಿದವನು, ತೆಲುಗಿನವನು, ಆದೋನಿಗೆ ಯಾವುದೋ ಮದುವೆಗೆ ಬಂದವನು ಹೊಳೆ ದಾಟಿ ನೋಡಲು ಬಂದ. ನಾನು ಮಂಡಾಳು, ಎಂದರೆ ಮಂಡಕ್ಕಿ, ಒಗ್ಗರಣೆ ಹಾಕಿ ಕೊಟ್ಟೆ. ತಿನ್ನುತ್ತಾ ತಿನ್ನುತ್ತಾ ಹೇಳಿದ, ದಸರೆಯ ಒಳಗೆ ಕೆಲಸಕ್ಕೆ ಬರದಿದ್ದರೆ ತಮ್ಮನ ಹೆಸರು ತೆಗೆಯುತ್ತಾರಂತೆ. ಆಮೇಲೆ ಇಬ್ಬರೂ ಬಚ್ಚಲ ಕಡೆ ಹೋದರು. ಜೊತೆಗಾರ ಉಗಿದ, ಇವನೂ ಉಗಿದ. ಒಳಗೆ ನನಗೆ ಕೇಳಿಸಿತು, ತೆಲುಗಿನಲ್ಲಿ ಆ ಮನುಷ್ಯ ಹೇಳಿದ್ದು: ನನ್ನದೇ ಕರಿ ಇದೆ, ನಾನು ಕೆಲಸ ಮಾಡುತ್ತಿದ್ದೇನೆ, ನಿನ್ನದು ಇಷ್ಟು ಬೆಳ್ಳಗಿದೆ, ಹೆಂಗಸಿನ ಹಾಗೆ ಮನೆಯಲ್ಲಿ ಕೂತಿದ್ದೀಯಲ್ಲ.

ಹೊರಗೆ ಬಂದು ಅವನಿಗೆ ತೆಲುಗಿನಲ್ಲೇ ಹೇಳಿದೆ, ಬಸ್ಸಿನ ಹೊತ್ತಾಯಿತು, ಹೊರಡಪ್ಪ ಎಂದು. ಮಂಡಾಳು ಇನ್ನೂ ತಟ್ಟೆಯಲ್ಲಿತ್ತು.

ಅವನು ಹೋದ ಮೇಲೆ ಆ ಕಲ್ಲು ನೋಡಿದೆ. ನನ್ನ ಗಂಡನನ್ನು ನುಂಗಿದ ಕಲ್ಲು. ಒಡೆಯೋಣ ಎಂದರೆ ಇವನು ಗೋಡೆಗೆ ಉಗಿಯುತ್ತಾನೆ. ಗಿರಣಿಯ ಮುಂದೆ ರಸ್ತೆ ಕೆಲಸ ನಡೆದಿತ್ತು, ಡಾಂಬರು ಕಾಯಿಸುತ್ತಿದ್ದರು. ಮರುದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಒಡಕು ಗಡಿಗೆಯಲ್ಲಿ ಒಂದಿಷ್ಟು ಡಾಂಬರು ಕೇಳಿ ತಂದೆ. “ಯಾತಕ್ಕಮ್ಮ?” ಎಂದ ಕೆಲಸದವನು. “ಹಲ್ಲು ತಿಕ್ಕಾಕ” ಎಂದೆ. ತಮ್ಮ ಒಳಗೆ ಮಲಗಿದ್ದ. ಹಳೆಯ ಕಸಬರಿಗೆಯಿಂದ ಕಲ್ಲಿಗೆ ಮೇಲಿಂದ ಕೆಳಗಿನ ತನಕ ಡಾಂಬರು ಬಳಿದೆ. ಇನ್ನು ಮೇಲೆ ಕರಿ ಬಿಳಿ ಏನೂ ತಿಳಿಯದು, ಉಗುಳು ನೋಡಿ ತಾನೇ ಡಾಕ್ಟರಾಗುವುದು ನಿಲ್ಲಲಿ ಎಂದು.

ಸಂಜೆ ನೋಡಿದವನು ಕುಣಿದಾಡಿದ. “ತಲಿ ಕೆಟ್ಟೈತೇನು ನಿನಗ? ಭಾವನ ಕಲ್ಲು ಅದು.”

“ಭಾವನ ಜೊತೀಗೆ ಹೂಳಬೇಕಿತ್ತು. ಹೊತ್ತಿರಲಿಲ್ಲ.”

ಮರುದಿನ ಬೆಳಿಗ್ಗೆ ಎಂದಿನಂತೆ ರೊಟ್ಟಿ ತಿಂದ, ಗುಳಿಗೆ ಬಾಯಿಗೆ ಹಾಕಿಕೊಂಡ, ನೀರು ಕುಡಿದ. ಗಂಟಲು ಆಡಿತು. ಎದ್ದು ಬಚ್ಚಲಿಗೆ ಹೋಗಿ, ಚಟದವನಾದ್ದರಿಂದ ಅದೇ ಕಲ್ಲಿಗೆ ಉಗಿದು, ನೀರು ಸುರಿದು ಬಂದ. ನಾನು ಕೈ ತೊಳೆಯಲು ಹೋದೆ. ಡಾಂಬರು ಇನ್ನೂ ಆರಿರಲಿಲ್ಲ, ಅಂಟಂಟಾಗಿತ್ತು. ಅದರ ನಡುವೆ ಬೆಳ್ಳಗೆ ಏನೋ ಹತ್ತಿಕೊಂಡಿತ್ತು. ಬಗ್ಗಿ ನೋಡಿದೆ. ಆ ಕಲ್ಲಿನ ಮುಂದೆ ನಾನು ಬಗ್ಗಿದ್ದು ಅದೇ ಮೊದಲು.

ಗುಳಿಗೆ. ಒಂದು ಇಡಿಯಾಗಿ, ಇನ್ನೊಂದು ಅರ್ಧ ಕರಗಿ.

ನಾಲಿಗೆಯ ಕೆಳಗೆ ಅಡಗಿಸಿಕೊಂಡು ನೀರು ಕುಡಿಯುತ್ತಿದ್ದ. ಕಲ್ಲಿಗೆ ಹೋಗಿ ಉಗಿಯುತ್ತಿದ್ದ. ಬಿಳಿ ಸುಣ್ಣದ ಮೇಲೆ ಬಿಳಿ ಗುಳಿಗೆ ಯಾರಿಗೆ ಕಾಣುತ್ತದೆ? ಒಂದು ಚೊಂಬು ನೀರು ಸುರಿದರೆ ಬಚ್ಚಲ ಗುಂಡಿಗೆ ಹೋಗುತ್ತಿತ್ತು. ನಾನು ಗಂಟಲು ನೋಡಿಕೊಂಡು ಗಿರಣಿಗೆ ಹೋಗುತ್ತಿದ್ದೆ.

ಹಿಟ್ಟು ಹತ್ತಿದ ಕೈಯಿಂದಲೇ ಅವನ ಕೆನ್ನೆಗೆ ಹೊಡೆದೆ. ಮೀಸೆ ಬಂದ ಮೇಲೆ ನಾನು ಅವನನ್ನು ಹೊಡೆದಿರಲಿಲ್ಲ.

“ಎಂದಿನಿಂದ?”

ಅವನು ಕೆನ್ನೆಯ ಹಿಟ್ಟು ಒರೆಸಿಕೊಂಡ.

“ಲೇ, ಎಂದಿನಿಂದ ಅಂತ ಕೇಳಾಕತ್ತೀನಿ.”

“ರಾರಾವಿಯವಂಗ ಬಿಟ್ರಲ್ಲ, ಅವತ್ತಿಂದ” ಎಂದ. ಆಮೇಲೆ ಬಾಯಿ ಬಂತು. “ಅದನ್ನ ನುಂಗಿದ್ರ ಹೊಟ್ಟಿ ಉರಿತೈತಿ. ಉಗುಳು ಬೆಳ್ಳಗಾಗಿ ಯಾವ ಕಾಲ ಆತು. ನನ್ನ ಹೆಸರು ತೆಗೀತಾರ ಅಲ್ಲಿ. ನಾ ಏನು ಸಾಯೋ ತನಕ ನಿನ್ನ ಬಚ್ಚಲದಾಗ ಕುಂದ್ರಬೇಕೇನು? ನೀ ಭಾವನ ಸಿಟ್ಟು ನನ್ನ ಮ್ಯಾಲ ತೀರಿಸ್ಕೊಳ್ಳಾಕತ್ತೀ.”

“ಹೌದು, ತೀರಿಸ್ಕೊಳ್ಳಾಕತ್ತೀನಿ. ಸತ್ತಾವನ ಮ್ಯಾಲ ತೀರಿಸ್ಕೊಳ್ಳಾಕ ಆಗಂಗಿಲ್ಲ. ಅಂಗಿ ಹಾಕ್ಕೋ.”

ಗಿರಣಿಗೆ ಹೋಗಲಿಲ್ಲ. ಬಸ್ಸು ಹತ್ತಿಸಿದೆ. ಆ ಎರಡು ಗುಳಿಗೆಗಳನ್ನು ಡಾಂಬರಿನ ಸಮೇತ ಕೆರೆದು ಎಲೆಯಲ್ಲಿ ಕಟ್ಟಿಕೊಂಡಿದ್ದೆ. ಡಾಕ್ಟರ ಮೇಜಿನ ಮೇಲೆ ಬಿಚ್ಚಿಟ್ಟೆ.

ಡಾಕ್ಟರು ಹಣೆ ಹಿಡಿದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, “ನೀವು ಸರಿಯಾಗಿ ನೋಡ್ಕೋಬೇಕಿತ್ತಮ್ಮ” ಎಂದರು.

ನನಗೆ ಇಷ್ಟು ವರ್ಷದ್ದೆಲ್ಲ ಒಮ್ಮೆಗೇ ನೆತ್ತಿಗೆ ಏರಿತು.

“ನಾ ನೋಡ್ಕೋಬೇಕೇನ್ರಿ? ಗಂಡನ್ನ ನಾ ನೋಡ್ಕೋಬೇಕು, ತಮ್ಮನ್ನ ನಾ ನೋಡ್ಕೋಬೇಕು. ಆ ಗಣಿಯಾಗ ನೀರು ಬಂದ್ ಮಾಡೋ ಮೇಸ್ತ್ರೀನ ಯಾರು ನೋಡ್ಕೋತಾರ್ರಿ? ಬೆನ್ನಿಗೆ ಕೊಳವಿ ಹಚ್ಚಿ ಒಳಗ ಇಳಿಸ್ತಾನಲ್ಲ, ಅವನೂ ನಿಮ್ಮಂಗ ಓದಿದಾವನ. ರಕ್ತ ಕಾರಿದ ಮ್ಯಾಲ ಟಿ.ಬಿ. ಅಂತ ಮಾತ್ರ ಹೇಳಿ ಮನಿಗೆ ಕಳಿಸ್ತಾನ. ಟಿ.ಬಿ. ಅಂದ್ರ ಮನಿಯಾಗ ಹತ್ತಿದ್ದು, ಓಣಿಯಾಗ ಹತ್ತಿದ್ದು, ಅವರದೇನೂ ತಪ್ಪಿಲ್ಲ. ಧೂಳು ಅಂತ ಅವನ ಬಾಯಾಗ ಯಾಕ ಬರಂಗಿಲ್ಲ? ನನಗ ಹೇಳಾಕ ಬರ್ತೀರಿ ಎಲ್ಲಾರೂ. ನಾ ಸಿಗತೀನಲ್ಲ ಕೈಗೆ, ಅದಕ್ಕ.”

ಹೊರಗೆ ಬೆಂಚಿನಲ್ಲಿ ಕೂತವರೆಲ್ಲ ಬಾಗಿಲಿಗೆ ಬಂದರು. ತಮ್ಮ ತಲೆ ತಗ್ಗಿಸಿ ಕೂತಿದ್ದ. ಡಾಕ್ಟರು ಸಿಟ್ಟಾಗಲಿಲ್ಲ. ವಯಸ್ಸಾದವರು. ಅವರು ಎದ್ದು ಹಳೆಯ ಎಕ್ಸ್-ರೇ, ಹೊಸ ಎಕ್ಸ್-ರೇ ಎರಡನ್ನೂ ತಮ್ಮನ ಮುಂದೆ ಕಿಟಕಿಗೆ ಹಿಡಿದರು.

“ಇಲ್ಲಿ ನೋಡಪ್ಪ. ಮಬ್ಬು ಇಷ್ಟಿತ್ತು, ಇಷ್ಟಾಗಿದೆ. ನಿಮ್ಮ ಅಕ್ಕ ನುಂಗಿಸಿದ ಗುಳಿಗೆಯಿಂದ. ಚುಕ್ಕಿ ನೋಡು, ಮೊದಲು ಎಷ್ಟಿತ್ತೋ ಅಷ್ಟೇ ಇದೆ. ಉಗುಳು ಬಿಳಿಯಾದಾಗ ಇದರಲ್ಲಿ ಒಂದಾದರೂ ಹೋಯಿತೇನು?”

ತಮ್ಮ ಎದ್ದು ಕಿಟಕಿಯ ಹತ್ತಿರ ಹೋದ. ಬೆರಳಿಟ್ಟು ಒಂದು ಚುಕ್ಕೆಯನ್ನು ಮುಟ್ಟಿದ, ಒರೆಸಿದರೆ ಹೋಗುತ್ತದೇನೋ ಎನ್ನುವ ಹಾಗೆ.

“ಹಂಗಾರ ಇದು ಹೋಗಾದಿಲ್ಲೇನ್ರಿ?” ಎಂದ. ಮೊದಲ ದಿನ ಹೇಳಿದ ಮಾತು ಅವನ ಕಿವಿಗೆ ಬಿದ್ದದ್ದು ಅವತ್ತು.

“ಹೋಗಲ್ಲಪ್ಪ. ಟಿ.ಬಿ. ಹೋಗುತ್ತೆ. ಇದು ಇರುತ್ತೆ.”

ಕಫದ ಪರೀಕ್ಷೆ ಮಾಡಿಸಿದರು. ಕ್ರಿಮಿ ಮತ್ತೆ ಎದ್ದಿರಲಿಲ್ಲ. ಬಿಟ್ಟು ಬಹಳ ದಿನವಾಗಿರಲಿಲ್ಲ, ಅದಕ್ಕೆ ಉಳಿದ. ಇನ್ನೊಂದು ಋತು ಕಲ್ಲು ಬೆಳ್ಳಗಿದ್ದಿದ್ದರೆ ಅವನೂ ಭಾವನ ದಾರಿ ಹಿಡಿಯುತ್ತಿದ್ದ. ಇನ್ನೂ ಒಂದು ವರ್ಷ ನುಂಗಬೇಕು ಎಂದರು ಡಾಕ್ಟರು. ಅವತ್ತಿನಿಂದ ಗುಳಿಗೆ ಹಾಕಿದ ಮೇಲೆ ಬಾಯಿ ತೆರೆಸಿ, ನಾಲಿಗೆ ಎತ್ತಿಸಿ, ದವಡೆಯೊಳಗೆ ಬೆರಳು ಆಡಿಸಿ ನೋಡಿಯೇ ಗಿರಣಿಗೆ ಹೋದೆ. ಎತ್ತಿನ ಹಲ್ಲು ಎಣಿಸಿದ ಹಾಗೆ ಎಂದು ಬೈಯುತ್ತಿದ್ದ. ಎತ್ತಾದರೆ ಮಾತು ಕೇಳುತ್ತಿತ್ತು ಎಂದೆ. ದಸರೆ ಬಂತು, ಹೋಯಿತು. ಗಣಿಯಲ್ಲಿ ಅವನ ಹೆಸರು ತೆಗೆದರು. ಆ ದಿನ ಊಟ ಮಾಡಲಿಲ್ಲ, ಗುಳಿಗೆ ಮಾತ್ರ ನುಂಗಿದ.

ಕೊನೆಗೆ ಡಾಕ್ಟರು ಸಾಕು ಎಂದರು. ಬಳ್ಳಾರಿಯಿಂದ ಬರುವಾಗ ಕ್ರಾಸಿನಲ್ಲಿ ನಾನೂ ಅವನ ಜೊತೆ ಇಳಿದೆ. ಕುರುಗೋಡಿನಲ್ಲಿ ಅವ್ವ ಆರತಿ ಎತ್ತಿದಳು, ಅವನ ಹೆಂಡತಿ ಹೋಳಿಗೆ ಮಾಡಿದಳು. ಎಲ್ಲರೂ ವಾಸಿಯಾಯಿತು ಎಂದರು. ಸಂಜೆ ಅವನು ಮಕ್ಕಳ ಕೈ ಹಿಡಿದು ಗುಡ್ಡದ ಕಡೆ ಹೊರಟ. ಮೊದಲ ಬಂಡೆಯ ತನಕ ಹೋಗಿ ಕೂತ. ಮಕ್ಕಳು ಮೇಲೆ ಹತ್ತಿ ನಿಂತು ಕರೆದರು. ಅವನು ಏಳಲಿಲ್ಲ. ಅವನ ಭುಜ ಏರಿಳಿಯುವುದು ಕೆಳಗಿನಿಂದ ನನಗೆ ಕಾಣುತ್ತಿತ್ತು.

ನಾನು ಹತ್ತಿರ ಹೋದಾಗ ಹೇಳಿದ, “ಇದಕ್ಕೇನು ಯಕ್ಕ ನೀ ನನ್ನ ಉಳಿಸಿದ್ದು?”

“ಎದ್ದೇಳು, ಹೋಳಿಗಿ ಆರತೈತಿ” ಎಂದೆ.

ಎಂಬತ್ತರ ಇಸವಿ ದಾಟಿತು. ಅವನು ಮನೆಯ ಮುಂದಿನ ಕಟ್ಟೆಯಲ್ಲಿ ಕೂತು ಹಗ್ಗ ಹೊಸೆಯುವ ಕೆಲಸ ಹಿಡಿದ. ಉಸಿರು ಸಾಲದೆ ಮಾತು ತುಂಡು ತುಂಡಾಗಿ ಬರುತ್ತಿತ್ತು. ನಾನು ಬಂದು ಹೋಗಿ ಮಾಡುತ್ತಿದ್ದೆ. ಒಮ್ಮೆ ಹೋದಾಗ ಹಿತ್ತಲಿಗೆ ಕಾಲಿಟ್ಟವಳು ನಿಂತುಬಿಟ್ಟೆ. ಬಚ್ಚಲ ಪಕ್ಕ ಒಂದು ಚಪ್ಪಡಿ ಕಲ್ಲು. ಹೊಸದಾಗಿ ಸುಣ್ಣ ಬಳಿದದ್ದು.

“ಏನಲೇ ಇದು?”

“ಸುಮ್ನ” ಎಂದ. “ಚಟ. ಬೆಳಿಗ್ಗೆ ನೋಡ್ಲಿ... ನೋಡ್ಲಿಲ್ಲಂದ್ರ ಏನೋ ಬಿಟ್ಟಂಗ ಆಗತೈತಿ.”

“ಈಗ ಹೆಂಗೈತಿ?”

“ಬೆಳ್ಳಗೈತಿ” ಎಂದ, ಹೆಮ್ಮೆಯಿಂದ.

ಅವನ ಕಣ್ಣು ಒಳಗೆ ಹೋಗಿತ್ತು. ಮುಂಗೈ ಹಿಡಿದು ನೋಡಿದೆ. ಬಿಸಿ. ಅವನ ಹೆಂಡತಿಯನ್ನು ಕೇಳಿದೆ. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತದೆ, ಆದರೆ ಉಗುಳು ಬೆಳ್ಳಗಿದೆಯಲ್ಲ ಎಂದು ಸುಮ್ಮನಿದ್ದೇವೆ ಎಂದಳು. ಅವಳಿಗೂ ಕಲಿಸಿಬಿಟ್ಟಿದ್ದ.

ಡಾಂಬರು ಸಿಗಲಿಲ್ಲ. ಒಲೆಯ ಬೂದಿ, ಸಗಣಿ, ಮಸಿ, ಕೈಗೆ ಸಿಕ್ಕಿದ್ದನ್ನೆಲ್ಲ ಕಲೆಸಿ ಆ ಕಲ್ಲಿಗೆ ಬಳಿದೆ. ಅವನು ಹಿತ್ತಲ ಬಾಗಿಲಲ್ಲಿ ನೋಡುತ್ತಾ ಕೂತಿದ್ದ. ಬೈಯಲು ನೋಡಿದ, ಕೆಮ್ಮು ಬಂತು.

“ಅಂಗಿ ಹಾಕ್ಕೋ. ಬಸ್ಸಿಗೆ ಹೊತ್ತಾತು.”

“ನೀ... ನನ್ನ ಸಾಯಾಕೂ ಬಿಡಂಗಿಲ್ಲ ನೋಡು” ಎಂದ.

“ಬಿಡತೀನಿ. ಔಷಧ ಇರೋ ರೋಗದಿಂದ ಸಾಯಾಕ ಬಿಡಂಗಿಲ್ಲ.”

ಕೈ ತೊಳೆದುಕೊಂಡು ಅವನ ರಟ್ಟೆ ಹಿಡಿದು ಎಬ್ಬಿಸಿದೆ. ರಸ್ತೆಯ ತನಕ ನಾಲ್ಕು ಹೆಜ್ಜೆಗೊಮ್ಮೆ ನಿಂತ, ನಿಂತಾಗೆಲ್ಲ ನನ್ನನ್ನು ಬೈದ. ನಾನೂ ಬೈದೆ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಕೊಡಿಸಿದೆ. ಬಳ್ಳಾರಿಯ ಗುಡ್ಡ ಕಂಡ ಮೇಲೆ ತಾನಾಗಿಯೇ ಕೇಳಿದ, ಡಾಕ್ಟರು ಈ ಸಲ ಎಷ್ಟು ದಿನ ನುಂಗು ಅಂತಾರೋ ಎಂದು.

ಬಾಯಿ ತೆರೆದು ತೋರಿಸಲು ಈಗಿನಿಂದಲೇ ಅಭ್ಯಾಸ ಮಾಡಿಕೋ ಎಂದೆ.